‘ಇಲ್ಲ’ ಎಂದ ಸ್ಟ್ರಿಪ್

"ನಮ್ಮೋಳ ರಕ್ತದಲ್ಲಿ ಡೆಂಗಿ ಇಲ್ಲ ಅಂದ್ರು ಮೇಡಮ್ಮೋರೆ. ಮಾರನೇ ದಿನ ಬೈಗ್ಗೆ ಅದೇ ಡೆಂಗಿಗೆ ಓಗ್ಬುಟ್ಲು," ಎಂದರು ಕೆಂಚಯ್ಯ.

ಹೆಂಡತಿಯ ಸಾವನ್ನು ಅವರು ಬೇರೆ ಯಾರದೋ ಮನೆಯ ಸುದ್ದಿಯಂತೆ ಹೇಳಿದರು. ರೇವಮ್ಮನಿಗೆ ಆ ದನಿಯ ಪರಿಚಯವಿತ್ತು. ಸ್ಟಾಫ್ ನರ್ಸ್ ಆಗಿ ಬದುಕಿನ ಬಹುಪಾಲನ್ನು ಆಸ್ಪತ್ರೆಯ ವಾರ್ಡುಗಳಲ್ಲೇ ಕಳೆದವಳು ಅವಳು. ಅತ್ತು ಅತ್ತು ಬರಿದಾದವರು ಹೀಗೆ ಮಾತಾಡುವುದನ್ನು ಬೇಕಾದಷ್ಟು ಸಲ ಕೇಳಿದ್ದಳು.

ಹಾಸನದ ಆ ಹಜಾರ ಕಾಮಾಕ್ಷಮ್ಮನವರದು. ಪೊಲೀಸ್ ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾಗಿದ್ದರೂ, ಠಾಣೆಯಲ್ಲಿ ಬಗೆಹರಿಯದ ಸಂಗತಿಗಳನ್ನು ಹೊತ್ತು ಜನ ಈಗಲೂ ಅವರ ಬಾಗಿಲಿಗೆ ಬರುತ್ತಿದ್ದರು. ಅಂಥ ಹೊತ್ತಿನಲ್ಲಿ ಮಹಡಿಯ ಮನೆಯಿಂದ ರೇವಮ್ಮ ಇಳಿದು ಬಂದು ಪಕ್ಕದಲ್ಲಿ ಕೂರುವುದು, ಅಕ್ಕ ಎಲ್ಲಿಗೆ ಹೊರಟರೂ ಜೊತೆಗೆ ಹೊರಡುವುದು ಎಷ್ಟೋ ಕಾಲದ ರೂಢಿ.

"ಮೊದಲಿಂದ ಹೇಳಿ ಕೆಂಚಯ್ಯನೋರೆ. ಅವಸರ ಇಲ್ಲ," ಎಂದರು ಕಾಮಾಕ್ಷಮ್ಮ.

ಕೆಂಚಯ್ಯ ಅರಕಲಗೂಡಿನ ಆಚೆಯ ಹಳ್ಳಿಯವರು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ಈಗ ಮನೆಯಲ್ಲಿದ್ದರು. ಜೊತೆಗೆ ಬಂದಿದ್ದ ಮಗಳು ರಂಜಿನಿ ಹೊಳೆನರಸೀಪುರದಲ್ಲಿ ಹೈಸ್ಕೂಲ್ ಟೀಚರ್. ಜೂನ್ ತಿಂಗಳ ಒಂದು ಮಂಗಳವಾರ ಅವರ ಊರಿನ ಶಾಲೆಯಲ್ಲಿ ಜ್ವರದ ಶಿಬಿರ ನಡೆದಿತ್ತು. ಹಾಸನದ ಹೊರವಲಯದ ಒಂದು ಖಾಸಗಿ ಸಂಶೋಧನಾ ಕೇಂದ್ರ ಹೊಸದಾಗಿ ಮಾಡಿದ್ದ ಡಿಎನ್‌ಎ ಸ್ಟ್ರಿಪ್ಪಿನ ಪ್ರಯೋಗ ಅದು. ಬೆರಳು ಚುಚ್ಚಿ ಒಂದು ಹನಿ ರಕ್ತ ಹಾಕಿದರೆ, ನಿಧಾನಕ್ಕೆ ಒಂದು ಲೋಟ ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಅಂಗೈಯಗಲದ ಯಂತ್ರ ಡೆಂಗಿ ಇದೆಯೋ ಇಲ್ಲವೋ ಹೇಳಿಬಿಡುತ್ತಿತ್ತು. ಇನ್ನೂ ಪ್ರಯೋಗವಾದ್ದರಿಂದ ಎಲ್ಲರಿಂದ ಒಂದೊಂದು ಟ್ಯೂಬ್ ರಕ್ತವನ್ನೂ ತೆಗೆದು ಹಾಸನದ ಲ್ಯಾಬಿಗೆ ಕಳಿಸುತ್ತಿದ್ದರು. ಅದರ ಫಲಿತಾಂಶ ಬರುವುದು ಮರುದಿನ ರಾತ್ರಿಗೆ. ಅದೇ ಕೊನೆಯ ಮಾತು ಎಂದು ಮೈಕಿನಲ್ಲಿ ಕೂಗಿ ಹೇಳಿದ್ದರಂತೆ. ಕಣ್ಣೆದುರಿಗೆ ಯಂತ್ರವೇ ಉತ್ತರ ಕೊಡುವಾಗ ಮೈಕಿನ ಮಾತನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ?

"ನಾಕು ದಿನದಿಂದ ಜ್ವರ ಇತ್ತು. ಮಿಷಿನ್ನು ಇಲ್ಲ ಅಂತು. ನಮ್ಗೆ ಬೋ ಸಮಾಧಾನ ಆಯ್ತು," ಎಂದರು ಕೆಂಚಯ್ಯ. "ಮೈಕೈ ನೋವು ಅಂತಿದ್ಲು. ಡೆಂಗಿ ಇಲ್ವಲ್ಲ ಅಂತ ಅಂಗಡಿಯಿಂದ ನೋವಿನ ಮಾತ್ರೆ ತಂದ್ಕೊಟ್ಟೆ. ನಾನೇ ನುಂಗ್ಸಿದ್ದು."

ರೇವಮ್ಮ ತಲೆ ತಗ್ಗಿಸಿದಳು. ಡೆಂಗಿಯಲ್ಲಿ ಅಂಥ ಮಾತ್ರೆ ರಕ್ತಸ್ರಾವಕ್ಕೆ ದಾರಿ ಮಾಡುತ್ತದೆಂದು ಅವಳಿಗೆ ಗೊತ್ತಿತ್ತು. ಕೆಂಚಯ್ಯನಿಗೂ ಈಗ ಗೊತ್ತಿದೆಯೆಂದು ಆ ಕೊನೆಯ ಮಾತೇ ಹೇಳುತ್ತಿತ್ತು.

"ಸಂಜೆಗೆ ಜ್ವರ ಬಿಡ್ತು. ಆ ಕೇಂದ್ರದ ಮುಖ್ಯಸ್ಥರು ಮೋಹನ್‌ಕುಮಾರ್ ಸಾಹೇಬ್ರು ಮನೆ ಉಡೀಕಂಡು ಬಂದಿದ್ರು ಕಣವ್ವ. ಎಂಗಿದೀಯಮ್ಮ ಅಂತ ಹಣೆ ಮುಟ್ಟಿ ನೋಡಿದ್ರು. ತಣ್ಣಗಿತ್ತು. ದೇವ್ರು ದೊಡ್ಡೋನು ಅಂದು ಓದ್ರು. ಅಂಥ ದೊಡ್ಡ ಮನುಷ್ಯ. ಮಾರನೇ ದಿನ ಮೂಗು, ಬಾಯಲ್ಲೆಲ್ಲ ರಕ್ತ ಬಂತು. ಆಂಬುಲೆನ್ಸು ಗೊರೂರು ದಾಟ್ಲಿಲ್ಲ... ಹೆಣ ಮನೆಗೆ ತಂದ್ಮೇಲೆ ಹಾಸನದಿಂದ ಫೋನ್ ಬಂತು, ಡೆಂಗಿ ಇದೆ ಅಂತ."

ಜ್ವರ ಬಿಟ್ಟ ಮೇಲಿನ ಆ ಒಂದು ದಿನವೇ ಡೆಂಗಿಯಲ್ಲಿ ಎಲ್ಲಕ್ಕಿಂತ ಕೆಟ್ಟ ದಿನ.

ಆ ದಿನದ ಶಿಬಿರದಲ್ಲಿ ಸ್ಟ್ರಿಪ್ ಒಬ್ಬರಿಗೂ ‘ಇದೆ’ ಅಂದಿರಲಿಲ್ಲ. ಟ್ಯೂಬಿನ ಫಲಿತಾಂಶ ಬಂದಾಗ ಹಲವರಿಗೆ ಡೆಂಗಿ ಇತ್ತು. ಕೇಂದ್ರದವರು ತಾವೇ ಒಂದು ಸಮಿತಿ ಮಾಡಿ, ಸ್ಟ್ರಿಪ್ ತಯಾರಿಸಿದ ಧನ್ಯಾ ಎಂಬ ಸಂಶೋಧಕಿಯದೇ ತಪ್ಪು ಎಂದು ತೀರ್ಮಾನಿಸಿ, ಅವಳನ್ನು ತೆಗೆದುಹಾಕಿ, ಕೋಣೆಗೆ ಬೀಗಮುದ್ರೆ ಹಾಕಿದ್ದರು.

"ಅವಳೇ ಕಾರಣ," ಎಂದಳು ರಂಜಿನಿ, ಮೊದಲ ಸಲ ಬಾಯಿ ತೆರೆದು. "ಸಮಿತಿ ಮುಂದೆ ಬಂದು ಉತ್ತರ ಕೊಡೋ ಧೈರ್ಯ ಕೂಡ ಅವಳಿಗೆ ಇರ್ಲಿಲ್ಲ."

"ನಂಗೆ ಅಂಗನ್ನಿಸಾಕಿಲ್ಲ," ಎಂದರು ಕೆಂಚಯ್ಯ. "ಆ ಮಗ ನಮ್ಮೋಳ ಬೆರಳು ಚುಚ್ಚುವಾಗ ನೋವಾಯ್ತಾ ಅಂತ ಮೂರ್ ಸಲ ಕೇಳಿದ್ಲು. ನಂಗೆ ಯಾರಿಗೂ ಶಿಕ್ಷೆ ಕೊಡ್ಸಬೇಕು ಅಂತಿಲ್ಲ. ಏನಾಯ್ತು ಅಂತ ಗೊತ್ತಾಗ್ಬೇಕು ಅಷ್ಟೇ."

ಕಾಮಾಕ್ಷಮ್ಮ ರಂಜಿನಿಯ ಕಡೆ ತಿರುಗಿ, ಆ ದಿನದ ಫೋಟೋ ಏನಾದರೂ ಇದೆಯೇ ಎಂದು ಕೇಳಿದರು. ಅವಳ ಫೋನಿನಲ್ಲಿ ಒಂದಿತ್ತು. ಅವಳ ತಾಯಿ ಲಕ್ಷ್ಮಿದೇವಮ್ಮ ಚುಚ್ಚಿಸಿಕೊಂಡ ಬೆರಳನ್ನು ಎತ್ತಿ ಹಿಡಿದು ನಾಚಿ ನಗುತ್ತಿದ್ದರು. ಮುಂದಿನ ಮೇಜಿನ ಮೇಲೆ ಒಂದು ತಟ್ಟೆ. ಅದರಲ್ಲಿ ಹರಿದು ಹಾಕಿದ ಬೆಳ್ಳಿಬಣ್ಣದ ಪೊಟ್ಟಣಗಳ ಗುಡ್ಡೆ, ರಕ್ತದ ಕಲೆಯ ಸ್ಟ್ರಿಪ್ಪುಗಳು, ಹತ್ತಿಯ ಉಂಡೆಗಳು. ಕಾಮಾಕ್ಷಮ್ಮ ಫೋಟೋವನ್ನು ತಮ್ಮ ಫೋನಿಗೆ ಹಾಕಿಸಿಕೊಂಡು, ಬಹಳ ಹೊತ್ತು ಅದನ್ನೇ ಹಿಗ್ಗಿಸಿ ಹಿಗ್ಗಿಸಿ ನೋಡಿದರು.

ಮರುದಿನ ಇಬ್ಬರೂ ಕೇಂದ್ರಕ್ಕೆ ಹೋದರು. ಮೋಹನ್‌ಕುಮಾರ್ ಸೊರಗಿದ ಮುಖದ, ಮೆದುಮಾತಿನ ಮನುಷ್ಯ. ಶೆಟ್ಟಿಹಳ್ಳಿಯ ಕಡೆಯವರು. ಮೇಜಿನ ಮೇಲೆ ಅವರ ಒಡಹುಟ್ಟಿದ ತಮ್ಮ ಕುಮಾರನ ಫೋಟೋ ಇತ್ತು. ಅವನು ಕಾಲೇಜಿನಲ್ಲಿದ್ದಾಗ ಡೆಂಗಿಯಿಂದ ತೀರಿಕೊಂಡನೆಂದೂ, ರಕ್ತದ ಫಲಿತಾಂಶ ಮನೆ ತಲುಪಿದ್ದು ತಿಥಿಯ ದಿನವೆಂದೂ, ಅಂದಿನಿಂದ ತಾವು ಈ ಕೆಲಸ ಹಿಡಿದದ್ದೆಂದೂ ಅವರೇ ಹೇಳಿದರು.

"ಸ್ಟ್ರಿಪ್ ಹೇಗೆ ಕೆಲಸ ಮಾಡುತ್ತೆ? ನನಗೆ ಅರ್ಥವಾಗೋ ಹಾಗೆ ಹೇಳಿ," ಎಂದರು ಕಾಮಾಕ್ಷಮ್ಮ.

ಮೋಹನ್‌ಕುಮಾರ್ ಖಾನೆಯಿಂದ ಪ್ರದರ್ಶನಕ್ಕಿಟ್ಟಿದ್ದ ಒಂದು ಹಳೆಯ ಪೊಟ್ಟಣ ತೆಗೆದು ಹರಿದರು. ಸ್ಟ್ರಿಪ್ಪಿನ ಜೊತೆಗೆ, ಹೊಸ ಚಪ್ಪಲಿ ಡಬ್ಬಿಗಳಲ್ಲಿ ಇರುತ್ತದಲ್ಲ, ತೇವ ಹೀರುವ ಮಣಿಗಳ ಪುಟ್ಟ ಚೀಲ, ಅಂಥದ್ದೊಂದು ಮೇಜಿನ ಮೇಲೆ ಬಿತ್ತು.

"ಈ ಎರಡು ಚಿನ್ನದ ಚುಕ್ಕೆ ನೋಡಿ. ಮೇಲೆ ಡಿಎನ್‌ಎ ಎಳೆಗಳನ್ನ ನೆಟ್ಟಿದೀವಿ. ಮೊದಲನೇ ಚುಕ್ಕೆಯ ಎಳೆಗಳು ಡೆಂಗಿ ವೈರಸ್ಸಿನ ಎಳೆ ಬಂದರೆ ಮಾತ್ರ ಅದಕ್ಕೆ ಹೆಣೆದುಕೊಳ್ಳುತ್ವೆ. ಹೆಣೆದ ಕೂಡಲೇ ಅಲ್ಲಿ ಹರಿಯೋ ಕರೆಂಟು ಬದಲಾಗುತ್ತೆ. ಯಂತ್ರ ಅದನ್ನ ಓದುತ್ತೆ. ಎರಡನೇದು ಸಾಕ್ಷಿ ಚುಕ್ಕೆ. ಯಾರ ರಕ್ತ ಹಾಕಿದರೂ ಅದು ಸ್ಪಂದಿಸಬೇಕು. ಇಲ್ಲದಿದ್ದರೆ ಸ್ಟ್ರಿಪ್ ಕೆಟ್ಟಿದೆ ಅಂತ ಯಂತ್ರವೇ ಹೇಳುತ್ತೆ."

"ಬಿಸಿಲಿಗೆ, ತೇವಕ್ಕೆ ಕೆಟ್ಟರೆ?"

"ಎರಡೂ ಚುಕ್ಕೆ ಕೆಡಬೇಕು. ಎರಡೂ ಡಿಎನ್‌ಎ ತಾನೇ."

"ಅವತ್ತು ಯಂತ್ರ ಒಂದು ಸಲವಾದರೂ ಸ್ಟ್ರಿಪ್ ಕೆಟ್ಟಿದೆ ಅಂದಿತ್ತಾ?"

"ಇಲ್ಲ," ಎಂದರು ಮೋಹನ್‌ಕುಮಾರ್. "ಅದಕ್ಕೇ ಸಮಿತಿಯವರು, ಮೊದಲನೇ ಚುಕ್ಕೆ ಮಾಡುವಾಗಲೇ ಧನ್ಯಾ ಎಡವಿದಾಳೆ ಅಂದರು. ನಾನು ಏನು ಹೇಳೋಕೆ ಆಗುತ್ತೆ? ಒಳ್ಳೇ ಹುಡುಗಿ."

ಅಲ್ಲಿಂದ ಬಸ್ ಹಿಡಿದು ಹೊಳೆನರಸೀಪುರಕ್ಕೆ ಹೋದರು. ಕೇಂದ್ರದ ಜೀಪು ಓಡಿಸುತ್ತಿದ್ದ ಗುಂಡಯ್ಯನವರ ಮನೆ ಅಲ್ಲಿ. ಇವರನ್ನು ಪೊಲೀಸಿನವರೆಂದುಕೊಂಡು, ಏನೂ ಕೇಳುವ ಮೊದಲೇ ಗುಂಡಯ್ಯ ಒಪ್ಪಿಕೊಳ್ಳತೊಡಗಿದರು.

"ಸ್ಟ್ರಿಪ್ಪಿನ ಡಬ್ಬ ಜೀಪಲ್ಲೇ ಇತ್ತು ಮೇಡಂ. ಶಾಮಿಯಾನ ಏರ್ಕಂಡು ಓಗಾನ ಅಂತ ಇಲ್ಲಿಗೆ ಬಂದಿದ್ದೆ. ಟಯರ್ ಪಂಚರಾಯ್ತು. ಬಿಸ್ಲಲ್ಲೇ ಗಾಡಿ ನಿಂತಿತ್ತು. ನನ್ನಿಂದ್ಲೇ ಆ ತಾಯಿ ಸತ್ರೇನೋ ಅಂತ ಊಟ ಸೇರ್ತಿಲ್ಲ."

"ಡಬ್ಬ ಕೊಟ್ಟದ್ದು ಯಾರು?"

"ಮೇಜಿನ ಮ್ಯಾಲೆ ಇಟ್ಟಿದ್ರು, ಎತ್ಕಂಡೆ. ಧನ್ಯಾ ಮೇಡಮ್ಮೂ ಇದ್ರು, ಸಾಹೇಬ್ರೂ ಇದ್ರು. ಅದ್ರ ಮುಂಚಿನ ದಿನ ಎಲ್ಲ ಮಳೆ ಗಾಳಿಗೆ ಕರೆಂಟ್ ಓಗಿತ್ತಲ್ಲ, ಅದ್ಕೇ ಸಾಹೇಬ್ರು ಬೆಳಿಗ್ಗೆನೇ ಬಂದ್ಬುಟ್ಟಿದ್ರು. ಬೆಂಗ್ಳೂರಿಂದ ಶಿಬಿರ ನೋಡಾಕೆ ದೊಡ್ಡೋರು ಬರೋರಿದ್ರು."

"ಶಿಬಿರದಲ್ಲಿ ನಿಮ್ಮ ಕಡೆಯವರು ಯಾರಾದರೂ ರಕ್ತ ಕೊಟ್ಟರಾ?"

"ನಮ್ ಮನೆಯೋಳ್ಗೆ ಜ್ವರ ಇತ್ತು. ಜೀಪಲ್ಲೇ ಕೂರಿಸ್ಕಂಡು ಓಗಿದ್ದೆ. ಇಲ್ಲ ಅಂತು, ನೆಮ್ದಿಯಾಗಿ ಕರ್ಕಂಡ್ಬಂದೆ. ಅವಳ್ದು ನಿಜವಾಗ್ಲೂ ಬರೀ ಶೀತ. ನಮ್ ಅದೃಷ್ಟ ಅಷ್ಟೇ."

ಚನ್ನರಾಯಪಟ್ಟಣದಲ್ಲಿ ಧನ್ಯಾಳನ್ನು ಕಂಡಾಗ ರೇವಮ್ಮನಿಗೆ ಯಾವ ವಿವರಣೆಯೂ ಬೇಕಾಗಲಿಲ್ಲ. ತೋಳಿನ ಮೇಲೆ ಡ್ರಿಪ್ ಸೂಜಿಯ ಕಂದು ಕಲೆಗಳು ಇನ್ನೂ ಮಾಸಿರಲಿಲ್ಲ. ಕೂದಲು ಉದುರಿತ್ತು. ಗೋಡೆ ಹಿಡಿದುಕೊಂಡು ನಡೆದು ಬಂದು ಕೂತಳು.

"ಶಿಬಿರದ ದಿನ ನನಗೂ ಮೈ ಬಿಸಿ ಇತ್ತು," ಎಂದಳು. "ಪೊಟ್ಟಣ ಹರಿದು ಸ್ಟ್ರಿಪ್ ಕೊಡೋದನ್ನ ಸಹಾಯಕಿಯರಿಗೆ ಬಿಟ್ಟಿದ್ದೆ. ನನ್ನ ಬೆರಳನ್ನೂ ಚುಚ್ಚಿ ನೋಡ್ಕೊಂಡೆ. ಇಲ್ಲ ಅಂತು. ಬಸ್ ಹತ್ತಿ ಮನೆಗೆ ಬಂದುಬಿಟ್ಟೆ. ಸರ್ ಮಾತ್ರ ಮಾರನೇ ದಿನ ಬೆಳಿಗ್ಗೆಯಿಂದ ಫೋನ್ ಮೇಲೆ ಫೋನ್ ಮಾಡಿ, ಆಸ್ಪತ್ರೆಗೆ ಸೇರಿಕೋ, ಅಲ್ಲೇ ರಕ್ತ ಕೊಡು ಅಂತ ಬೈದರು. ನಾನು, ಸ್ಟ್ರಿಪ್ ಇಲ್ಲ ಅಂದಿದೆ ಸರ್ ಅಂತ ನಕ್ಕೆ. ಪ್ರಜ್ಞೆ ತಪ್ಪಿ ಬಿದ್ದ ಮೇಲೆ ಅಮ್ಮ ಸೇರಿಸಿದ್ದು. ಸಮಿತಿ ಕರೆದಾಗ ನಾನು ಐಸಿಯುನಲ್ಲಿದ್ದೆ."

"ಅದನ್ನ ಸಮಿತಿಗೆ ಹೇಳಲಿಲ್ವಾ?"

"ಸರ್ ಹೇಳಿರ್ತಾರೆ ಅಂದ್ಕೊಂಡೆ." ಅವಳು ತೋಳಿನ ಕಲೆಯನ್ನು ಸವರಿಕೊಂಡಳು. "ಸಮಿತಿಯವರು ಅಂದದ್ದೇ ನಿಜ ಇರಬೇಕು ಮೇಡಂ. ಎಲ್ಲೋ ತಪ್ಪು ಮಾಡಿದೀನಿ. ಎಲ್ಲಿ ಅಂತ ದಿನಾ ಮಲಗಿ ಯೋಚಿಸ್ತೀನಿ. ಸಿಗ್ತಿಲ್ಲ."

ಕಾಮಾಕ್ಷಮ್ಮ ಒಂದೇ ಒಂದು ಪ್ರಶ್ನೆ ಕೇಳಿದರು. ನಿಜವಾದ ಸ್ಟ್ರಿಪ್ ಬಿಟ್ಟು ಅದೇ ತರಹದ್ದು ಬೇರೆ ಯಾವುದಾದರೂ ಅಲ್ಲಿತ್ತೇ?

"ತರಬೇತಿ ಸ್ಟ್ರಿಪ್ ಇದ್ವು. ಆರೋಗ್ಯ ಸಹಾಯಕಿಯರಿಗೆ ಅಭ್ಯಾಸ ಮಾಡಿಸೋಕೆ ಅಂತ ಆಗಷ್ಟೇ ಮಾಡಿದ್ದು. ಬೆಲೆ ಕಡಿಮೆಯಾಗಲಿ ಅಂತ ಸಾಕ್ಷಿ ಚುಕ್ಕೆಗೆ ಮಾತ್ರ ಡಿಎನ್‌ಎ ಹಾಕಿದ್ದೆ. ಮೊದಲನೇ ಚುಕ್ಕೆ ಖಾಲಿ. ಸುಮ್ಮನೆ ಸ್ಟ್ರಿಪ್ ಒಂದನ್ನೇ ಪೊಟ್ಟಣದಲ್ಲಿ ಮುಚ್ಚಿ ಬೀರುವಿನಲ್ಲಿ ಇಟ್ಟಿದ್ದೆ. ಯಾಕೆ ಮೇಡಂ?"

ಕಾಮಾಕ್ಷಮ್ಮ ಫೋನಿನ ಫೋಟೋವನ್ನು ಇನ್ನೊಮ್ಮೆ ತೆರೆದು ನೋಡಿ, ಹೊರಡಲು ಎದ್ದರು. ಹಾಸನಕ್ಕೆ ಮರಳುವ ಬಸ್ಸಿನಲ್ಲಿ ರೇವಮ್ಮ ತಡೆಯಲಾರದೆ, "ಯಾರು ಅಂತ ಗೊತ್ತಾಯ್ತಾ ಅಕ್ಕಾ?" ಎಂದಳು.

"ಗೊತ್ತಾಯ್ತು ರೇವಾ. ಗೊತ್ತಾಗದೇ ಇದ್ದಿದ್ರೆ ಚೆನ್ನಾಗಿತ್ತು," ಎಂದು ಕಾಮಾಕ್ಷಮ್ಮ ಕಿಟಕಿಯ ಕಡೆ ಮುಖ ತಿರುಗಿಸಿದರು.

ಮುಂದಿನ ಸೋಮವಾರ ಬೀಗಮುದ್ರೆ ತೆಗೆದ ಅದೇ ಕೋಣೆಯಲ್ಲಿ ಎಲ್ಲರೂ ಸೇರಿದರು. ಸಮಿತಿಯ ಅಧ್ಯಕ್ಷರು, ಸ್ಥಳೀಯ ಸಬ್ ಇನ್‌ಸ್ಪೆಕ್ಟರು, ಮೋಹನ್‌ಕುಮಾರ್, ಗುಂಡಯ್ಯ, ಕೆಂಚಯ್ಯ, ರಂಜಿನಿ. ಧನ್ಯಾ ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತಳು. ರಂಜಿನಿ ಅವಳ ಕಡೆ ನೋಡಲಿಲ್ಲ.

"ಗುಂಡಯ್ಯನೋರೆ, ನೀವು ಇವತ್ತು ಊಟ ಮಾಡಿ," ಎಂದು ಕಾಮಾಕ್ಷಮ್ಮ ಶುರು ಮಾಡಿದರು. "ಬಿಸಿಲು ಕೆಡಿಸಿದ್ದರೆ ಎರಡೂ ಚುಕ್ಕೆ ಕೆಡಬೇಕಿತ್ತು. ಯಂತ್ರ ಸ್ಟ್ರಿಪ್ ಕೆಟ್ಟಿದೆ ಅಂತ ಹೇಳಬೇಕಿತ್ತು. ಹೇಳಲಿಲ್ಲ. ಸಾಕ್ಷಿ ಚುಕ್ಕೆ ಸರಿಯಾಗಿತ್ತು, ಮೊದಲನೇದು ಮಾತ್ರ ಸತ್ತಿತ್ತು. ಅದಕ್ಕೆ ಎರಡೇ ಕಾರಣ. ಧನ್ಯಾ ಅದನ್ನ ತಪ್ಪಾಗಿ ಮಾಡಿರಬೇಕು, ಇಲ್ಲಾ ಅವು ಧನ್ಯಾ ಶಿಬಿರಕ್ಕೆ ಅಂತ ಮಾಡಿದ ಸ್ಟ್ರಿಪ್ಪೇ ಅಲ್ಲ."

ಫೋಟೋವನ್ನು ಅಧ್ಯಕ್ಷರ ಮುಂದೆ ಹಿಡಿದರು. "ನಿಜವಾದ ಪೊಟ್ಟಣ ಹರಿದರೆ ತೇವ ಹೀರುವ ಮಣಿಚೀಲ ಬೀಳುತ್ತೆ. ಈ ತಟ್ಟೆಯಲ್ಲಿ ಹರಿದ ಪೊಟ್ಟಣಗಳ ಗುಡ್ಡೆಯೇ ಇದೆ. ಒಂದೇ ಒಂದು ಮಣಿಚೀಲ ತೋರಿಸಿ."

ಅಧ್ಯಕ್ಷರು ಕನ್ನಡಕ ಏರಿಸಿ ನೋಡಿದರು. ತೋರಿಸಲು ಇರಲಿಲ್ಲ.

"ಮಣಿಚೀಲ ಇಲ್ಲದಿರೋದು ತರಬೇತಿ ಪೊಟ್ಟಣದಲ್ಲಿ. ಅದನ್ನ ಯಾರ ರಕ್ತಕ್ಕೆ ಹಾಕಿದರೂ ಯಂತ್ರ ಸ್ಟ್ರಿಪ್ ಸರಿಯಿದೆ, ಡೆಂಗಿ ಇಲ್ಲ ಅಂತಲೇ ಹೇಳುತ್ತೆ. ಅವತ್ತು ಬೆಳಿಗ್ಗೆ ಡಬ್ಬದೊಳಗೆ ಯಾರೋ ಅವನ್ನ ತುಂಬಿದರು. ಕೈ ಹಾಕೋ ಅವಕಾಶ ಮೂವರಿಗಿತ್ತು. ಗುಂಡಯ್ಯ, ಧನ್ಯಾ, ಮೋಹನ್‌ಕುಮಾರ್."

ಫೋನನ್ನು ಮೇಜಿನ ಮೇಲಿಟ್ಟು ಮುಂದುವರಿಸಿದರು. "ಸ್ಟ್ರಿಪ್ ಸುಳ್ಳು ಅಂತ ಗೊತ್ತಿದ್ದವರು ಅದನ್ನ ನಂಬುತ್ತಾರಾ ಅಂತ ನನ್ನನ್ನೇ ಕೇಳ್ಕೊಂಡೆ. ಗುಂಡಯ್ಯ ಜ್ವರದಲ್ಲಿದ್ದ ಹೆಂಡತಿಯನ್ನ ಕರೆದು ತಂದು ತೋರಿಸಿ, ಅದರ ಮಾತು ನಂಬಿ ಮನೆಗೆ ಕರ್ಕೊಂಡು ಹೋದರು. ಧನ್ಯಾ ತನ್ನ ರಕ್ತವನ್ನೇ ಹಾಕಿ, ನಂಬಿ, ಸಾಯೋ ಹಾಗಾದಳು. ಮೂರನೆಯವರು ಒಬ್ಬರೇ ನಂಬಲಿಲ್ಲ. ಡೆಂಗಿ ಇಲ್ಲ ಅಂದ ಹೆಂಗಸಿನ ಮನೆ ಹುಡುಕಿಕೊಂಡು ಅವತ್ತೇ ಸಂಜೆ ಹೋಗಿ ಹಣೆ ಮುಟ್ಟಿದರು. ಡೆಂಗಿ ಇಲ್ಲ ಅಂದ ಹುಡುಗಿಗೆ, ಟ್ಯೂಬಿನ ಫಲಿತಾಂಶ ಬರೋ ಮೊದಲೇ, ಆಸ್ಪತ್ರೆಗೆ ಹೋಗು ಅಂತ ಫೋನ್ ಮೇಲೆ ಫೋನ್ ಮಾಡಿದರು. ಊರೆಲ್ಲ ಅದನ್ನ ಒಳ್ಳೇತನ ಅಂತು. ಒಳ್ಳೇತನವೂ ಇತ್ತು. ಆದರೆ ಆ ‘ಇಲ್ಲ’ಕ್ಕೆ ಅರ್ಥವಿಲ್ಲ ಅಂತ ಗೊತ್ತಿದ್ದವರು ಮಾತ್ರ ಹಾಗೆ ಮಾಡೋಕೆ ಸಾಧ್ಯ."

ಮೋಹನ್‌ಕುಮಾರ್ ವಾದಿಸಲಿಲ್ಲ. ಎಷ್ಟೋ ದಿನದಿಂದ ಹೊತ್ತದ್ದನ್ನು ಇಳಿಸುವವರಂತೆ ಮೆಲ್ಲಗೆ ಹೇಳತೊಡಗಿದರು.

"ಕರೆಂಟ್ ಹೋಗಿ, ಸ್ಟ್ರಿಪ್ ಇಡೋ ಫ್ರಿಜ್ ಬೆಚ್ಚಗಾಗಿತ್ತು. ಬೆಳಿಗ್ಗೆ ಬಂದು ಒಂದು ಪೊಟ್ಟಣದ್ದು ಪರೀಕ್ಷಿಸಿದೆ. ಎರಡೂ ಚುಕ್ಕೆ ಸತ್ತಿದ್ವು. ದುಡ್ಡು ಕೊಡೋ ಬೆಂಗಳೂರಿನವರು ಹೊರಟಾಗಿತ್ತು. ಅವರೆದುರು ಯಂತ್ರ ಸಾಲಾಗಿ ಕೆಟ್ಟಿದೆ ಕೆಟ್ಟಿದೆ ಅಂದರೆ ಯೋಜನೆಯೇ ಮುಗೀತಿತ್ತು. ಒಂದು ದಿನದ ಮಟ್ಟಿಗೆ ತರಬೇತಿಯವನ್ನ ತುಂಬಿಟ್ಟೆ. ಹೇಗೂ ಟ್ಯೂಬ್ ರಕ್ತ ಹೋಗುತ್ತಲ್ಲ, ಅದು ಕಾಪಾಡುತ್ತೆ ಅಂದ್ಕೊಂಡೆ. ಆಮೇಲೆ ಶಿಬಿರದಲ್ಲಿ ಆಯಮ್ಮನ ಮುಖ ನೋಡಿ ತಡೆಯಲಾಗದೆ ಸಂಜೆ ಮನೆಗೆ ಹೋದೆ. ಹಣೆ ತಣ್ಣಗಿತ್ತು." ಅವರು ಕೆಂಚಯ್ಯನ ಕಡೆ ತಿರುಗಿದರು. "ನಿಜವಾದ ಸ್ಟ್ರಿಪ್ ಹಾಕಿದ್ದರೂ ಉಪಯೋಗವಾಗ್ತಿರಲಿಲ್ಲ. ಅವು ಸತ್ತಿದ್ವು. ಅದೊಂದನ್ನ ನಂಬಿ."

"ಮತ್ತೆ ನನ್ನ ಹೆಸರು ಬಂದಾಗ, ಸರ್?" ಎಂದಳು ಧನ್ಯಾ.



ಎಲ್ಲ ಮುಗಿಯಿತೆಂದು ಸಬ್ ಇನ್‌ಸ್ಪೆಕ್ಟರು ಎದ್ದರು. ಆಗ ಕೆಂಚಯ್ಯ ಕೇಳಿದರು: "ಆ ಸತ್ತೋಗಿದ್ ಸ್ಟ್ರಿಪ್ಪು ಇನ್ನೂ ಅವಾ?"

ಇದ್ದವು. ಮೋಹನ್‌ಕುಮಾರ್ ಅವನ್ನು ಫ್ರಿಜ್ಜಿಗೇ ಮರಳಿ ಇಟ್ಟಿದ್ದರು. ಆಮೇಲೆ ಬೀಗಮುದ್ರೆ ಬಿದ್ದಿತ್ತು.

"ನಮ್ಮೋಳ ರಕ್ತ?"

"ಟ್ಯೂಬಿನ ರಕ್ತದಲ್ಲಿ ಪ್ರಯೋಗಕ್ಕೆ ಎತ್ತಿಟ್ಟ ಪಾಲು ಇಲ್ಲೇ ಡೀಪ್ ಫ್ರೀಜರಿನಲ್ಲಿದೆ," ಎಂದಳು ಧನ್ಯಾ.

"ಅಂಗಾರೆ ಒಂದ್ಸಲ ಆಕ್ ನೋಡವ್ವ. ಸಾಹೇಬ್ರು ಏಳಿದ್ದು ನಿಜ ಆದ್ರೆ ನಂಗೆ ಒಸಿ ನಿದ್ದೆ ಬಂದಾತು."

ಬೇಡವೆನ್ನಲು ರೇವಮ್ಮನ ಬಾಯಿಯವರೆಗೂ ಮಾತು ಬಂತು. ಕಾಮಾಕ್ಷಮ್ಮ ಅವಳ ಕೈ ಹಿಡಿದರು. ಕೇಳುವ ಹಕ್ಕು ಕೆಂಚಯ್ಯನವರದು.

ಧನ್ಯಾ ಕೈಗವಸು ಹಾಕಿಕೊಂಡು ಮುಚ್ಚಿದ ಪೊಟ್ಟಣವೊಂದನ್ನು ಹರಿದಳು. ಮಣಿಚೀಲ ಬಿತ್ತು. ಕರಗಿಸಿದ ರಕ್ತದ ಹನಿ ಹಾಕಿ, ಸ್ಟ್ರಿಪ್ಪನ್ನು ಯಂತ್ರಕ್ಕೆ ಸೇರಿಸಿದಳು. ಯಾರೂ ಕೂರಲಿಲ್ಲ. ಹೊರಗೆ ಯಾರದೋ ಬೈಕು ಸ್ಟಾರ್ಟ್ ಆಗದೆ ಕೆಮ್ಮುತ್ತಿತ್ತು. ಕೊನೆಗೆ ಯಂತ್ರ ಸಣ್ಣಗೆ ಕೂಗಿತು.

‘ಇದೆ.’

ಧನ್ಯಾ ಇನ್ನೊಂದು ಪೊಟ್ಟಣ ಹರಿದಳು. ಮತ್ತೆ ಕಾದರು. ಮತ್ತೆ ಅದೇ.

"ನೀವು ಪರೀಕ್ಷಿಸಿದ ಪೊಟ್ಟಣ ಎಲ್ಲಿತ್ತು ಸರ್?" ಎಂದು ಅವಳು ಕೇಳಿದಳು.

"ಡಬ್ಬದ ಮೇಲೇ. ಬಾಯಿ ಮಡಿಸಿತ್ತು."

"ಅದು ಹಿಂದಿನ ವಾರ ನಾನು ತೆರೆದದ್ದು. ತೇವ ಹಿಡಿದಿತ್ತು. ಬಿಸಾಡೋಕೆ ಮರೆತಿದ್ದೆ. ಮುಚ್ಚಿದ ಪೊಟ್ಟಣಕ್ಕೆ ಒಂದು ದಿನದ ಸೆಕೆ ಏನೂ ಮಾಡಲ್ಲ ಸರ್. ಇನ್ನೊಂದು ತೆಗೆದು ನೋಡಿದ್ದರೆ..."

ಮೋಹನ್‌ಕುಮಾರ್ ಗೋಡೆಗೆ ಒರಗಿ ಹಾಗೇ ಕುಸಿದು ಕೂತರು. ಯಾರೂ ಅವರನ್ನು ಎಬ್ಬಿಸಲಿಲ್ಲ. ಕೆಂಚಯ್ಯ ಯಂತ್ರದ ಮುಖವನ್ನೇ ನೋಡುತ್ತಾ ನಿಂತಿದ್ದರು. "ಇಷ್ಟೊತ್ಗೆಲ್ಲ ಗೊತ್ತಾಗ್ಬುಡ್ತಿತ್ತು," ಎಂದರು, ಯಾರಿಗೂ ಅಲ್ಲದಂತೆ. ರಂಜಿನಿ ತಂದೆಯ ತೋಳು ಹಿಡಿದು ಹೊರಡುವಾಗ ಧನ್ಯಾಳ ಮುಂದೆ ನಿಂತಳು. "ತಪ್ಪಾಯ್ತು," ಎಂದಳು. ಧನ್ಯಾ ಕೈಗವಸು ತೆಗೆಯುತ್ತಲೇ ಇದ್ದಳು.

ಮೋಹನ್‌ಕುಮಾರ್ ಮೇಲೆ ಮೊಕದ್ದಮೆ ಹೂಡಿದರು. ಬೆಂಗಳೂರಿನವರು ಯೋಜನೆಯನ್ನು ಮುಚ್ಚಿದರು. ಉಳಿದ ಸ್ಟ್ರಿಪ್ಪುಗಳನ್ನು ನಿಯಮದಂತೆ ಸುಟ್ಟರು. ಧನ್ಯಾಳಿಗೆ ಕೇಂದ್ರದವರು ಕೆಲಸ ಮರಳಿ ಕೊಡಲು ಬಂದರು. ಅವಳು ಬೇಡವೆಂದಳು. ಈಗ ಚನ್ನರಾಯಪಟ್ಟಣದಲ್ಲಿ ಮಕ್ಕಳಿಗೆ ಟ್ಯೂಷನ್ ಹೇಳುತ್ತಾಳೆಂದು ಕಾಮಾಕ್ಷಮ್ಮ ಒಮ್ಮೆ ಹೇಳಿದರು.

ಆ ಮಳೆಗಾಲದಲ್ಲಿ ಅರಕಲಗೂಡಿನ ಸುತ್ತ ಜ್ವರ ಇನ್ನೂ ಹೆಚ್ಚಾಯಿತು. ಕೆಲಸಕ್ಕೆ ಜನ ಸಾಲದೆಂದು ಅಲ್ಲಿನ ಸರ್ಕಾರಿ ಆಸ್ಪತ್ರೆಯವರು ಕರೆದಾಗ ರೇವಮ್ಮ ಹೋಗಿ ಕೂತಳು. ಬೆಳಿಗ್ಗೆಯಿಂದ ಸಂಜೆಯವರೆಗೆ ತೋಳಿಗೆ ರಬ್ಬರ್ ಬಿಗಿದು, ರಕ್ತ ತೆಗೆದು, ಟ್ಯೂಬುಗಳನ್ನು ಐಸ್ ಡಬ್ಬದಲ್ಲಿಟ್ಟು ಹಾಸನದ ಬಸ್ಸಿಗೆ ಹಾಕಿಸುವುದು ಅವಳ ಕೆಲಸ. ಒಂದು ಮಧ್ಯಾಹ್ನ ಕಂಕುಳಲ್ಲಿ ಮಗು ಎತ್ತಿಕೊಂಡಿದ್ದ ಹೆಂಗಸೊಬ್ಬಳು ತೋಳು ಚಾಚಿ ಕೂತಳು. ಕಣ್ಣುಗಳು ಕೆಂಪಾಗಿದ್ದವು. ಮೈ ಕಾದ ಹಂಚಿನಂತಿತ್ತು.

"ಯಾವಾಗ ಗೊತ್ತಾಯ್ತದವ್ವ?" ಎಂದು ಕೇಳಿದಳು.

ರೇವಮ್ಮ ಸೂಜಿ ತೆಗೆದು ಹತ್ತಿ ಒತ್ತಿದಳು.

"ನಾಳೆ ರಾತ್ರಿಗೆ," ಎಂದಳು.